ಬಿಸಿಲು ಬೀಳುವ ಗೋಡೆ

ಆಸ್ಟ್ರೇಲಿಯಾಕ್ಕೆ ಹೋಗಿ ಬಂದೆ ಅಂದ ಕೂಡಲೇ ನ್ಯೂಜೆರ್ಸಿಯ ಪಿಸ್ಕಾಟವೇ ಊರಿನ ನಮ್ಮ ಸ್ನೇಹಿತರೆಲ್ಲ ಕೇಳುವ ಮೊದಲ ಪ್ರಶ್ನೆ, ಕಾಂಗರೂ ನೋಡಿದಿರಾ ಅಂತ. ನೋಡಲಿಲ್ಲ. ಸಮುದ್ರವನ್ನೂ ನೋಡಲಿಲ್ಲ. ಮೆಲ್ಬರ್ನ್ ಊರಿನ ಹೊರಗೆ, ಬರೀ ಗೋದಾಮುಗಳೇ ತುಂಬಿದ ಒಂದು ಪ್ರದೇಶದಲ್ಲಿ ಐದು ದಿನ ಇದ್ದೆ. ಅಲ್ಲಿ ನಾನು ಸರಿಯಾಗಿ ನೋಡಿದ್ದು ಒಂದೇ, ಒಂದು ತಗಡಿನ ಗೋಡೆ. ಅದನ್ನು ನೋಡಿದ್ದೂ ನಾಲ್ಕನೆಯ ದಿನ. ಮೊದಲ ದಿನವೇ ನೋಡಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನನ್ನ ಕೆಲಸವನ್ನು ಎರಡು ಮಾತಿನಲ್ಲಿ ಹೇಳಬಹುದು. ಇನ್ಸುಲಿನ್, ಲಸಿಕೆಗಳಂಥ ಔಷಧಗಳನ್ನು ಎರಡರಿಂದ ಎಂಟು ಡಿಗ್ರಿ ಸೆಲ್ಸಿಯಸ್ ಒಳಗೆ ಇಡಬೇಕು. ಅವನ್ನಿಡುವ ಕೋಲ್ಡ್ ರೂಮು ನಿಜವಾಗಿಯೂ ಆ ಮಿತಿಯೊಳಗೆ ಇರುತ್ತದೆಯೇ ಎಂದು ಪರೀಕ್ಷಿಸಿ, ಇಡಬಹುದು ಅಥವಾ ಇಡಬಾರದು ಎಂದು ಬರೆದುಕೊಡುವುದು ನನ್ನ ಪಾಲಿನ ಹೊಣೆ. ಬಾಗಿಲ ಮೇಲಿನ ಮೀಟರು ಐದು ಡಿಗ್ರಿ ತೋರಿಸಿದರೆ ಕೋಣೆಯೆಲ್ಲ ಐದು ಡಿಗ್ರಿ ಇದೆ ಎಂದೇನಲ್ಲ. ಫ್ಯಾನಿನ ಎದುರು ಮೂರು ಇರಬಹುದು, ಬಾಗಿಲ ಪಕ್ಕ ಏಳು ಇರಬಹುದು. ಅದಕ್ಕಾಗಿ ಬೆಂಕಿಪೊಟ್ಟಣದಷ್ಟು ದೊಡ್ಡ ಲಾಗರುಗಳನ್ನು ಕೋಣೆಯ ಬೇರೆಬೇರೆ ಕಡೆ ಕಟ್ಟಿ ಎರಡು ದಿನ ಬಿಡುತ್ತೇವೆ. ಐದು ನಿಮಿಷಕ್ಕೊಮ್ಮೆ ಅವು ಉಷ್ಣಾಂಶ ಬರೆದುಕೊಳ್ಳುತ್ತವೆ. ಎಲ್ಲ ಲಾಗರುಗಳೂ ಎಲ್ಲ ಹೊತ್ತಿನಲ್ಲೂ ಮಿತಿಯೊಳಗೆ ಇದ್ದರೆ ಕೋಣೆ ಪಾಸು.

ಆಸ್ಟ್ರೇಲಿಯಾದ ಕೋಣೆಗೆ ಹದಿನೈದು ಲಾಗರು ಗೊತ್ತು ಮಾಡಿದ್ದೆ. ಎಂಟು ಮೂಲೆಗೆ ಎಂಟು, ನಡುಮಧ್ಯಕ್ಕೆ ಒಂದು, ಬಾಗಿಲಿಗೆ, ಫ್ಯಾನಿಗೆ, ಮೀಟರಿನ ಪಕ್ಕಕ್ಕೆ ಒಂದೊಂದು. ಉಳಿದ ಮೂರನ್ನು ಬಿಸಿಲು ಬೀಳುವ ಗೋಡೆಗೆ. ಆ ಕೋಣೆಯ ಉತ್ತರ ಮತ್ತು ದಕ್ಷಿಣದ ಬದಿಗಳು ಗೋದಾಮಿನ ಹೊರಗೋಡೆಗಳಿಗೆ ಅಂಟಿಕೊಂಡಿದ್ದವು. ಯೋಜನೆ ಬರೆದದ್ದು ಜನವರಿಯಲ್ಲಿ, ಪ್ರಿನ್ಸ್‌ಟನ್ನಿನ ಆಫೀಸಿನಲ್ಲಿ, ಕಿಟಕಿಯ ಹೊರಗೆ ಹಿಮ ಬೀಳುತ್ತಿದ್ದಾಗ. ನಕ್ಷೆಯಲ್ಲಿ ಉತ್ತರದ ಬಾಣ ಚೆನ್ನಾಗಿಯೇ ಇತ್ತು. ಮೂರು ಲಾಗರನ್ನು ದಕ್ಷಿಣದ ಗೋಡೆಗೆ ಹಾಕಿ ಕೆಳಗೆ ಸಹಿ ಮಾಡಿದೆ. ನನ್ನ ಮೇಲಿನವರು ಸಹಿ ಮಾಡಿದರು, ಅಲ್ಲಿಯ ಸೈಟ್ ಮ್ಯಾನೇಜರು ಸಹಿ ಮಾಡಿದರು. ಮೂವರಲ್ಲಿ ಯಾರೊಬ್ಬರೂ ಎರಡು ನಿಮಿಷ ಕೂತು ಯೋಚಿಸಲಿಲ್ಲ.

ಯೋಚಿಸಿದವರು ಒಬ್ಬರಿದ್ದರು. ಅಲ್ಲಿಯ ಸ್ಟೋರ್‌ಕೀಪರು. ಲಾಗರು ಸಿಕ್ಕಿಸುವ ಕ್ಲಿಪ್ಪುಗಳನ್ನು ನನ್ನ ಡ್ರಾಯಿಂಗ್ ನೋಡಿ ಮುಂಚೆಯೇ ಗೋಡೆಗೆ ಹಾಕಿಡುವುದು ಅವರ ಕೆಲಸ. ಅವರಿಂದ ಒಂದು ಸಾಲಿನ ಮೇಲ್ ಬಂತು. ಉತ್ತರದ ಗೋಡೆಯ ನಡುವಿಗೆ ಒಂದೂ ಬೇಡವೇ ಎಂದು ಕೇಳಿದ್ದರು. ನಾನು ಅದೇ ನಿಮಿಷ ಬರೆದುಬಿಟ್ಟೆ: ಸೂರ್ಯನ ಶಾಖವನ್ನು ಯೋಜನೆಯಲ್ಲಿ ಈಗಾಗಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆ, ದಯವಿಟ್ಟು ಡ್ರಾಯಿಂಗ್ ಪ್ರಕಾರವೇ ಹಾಕಿ. ಆ 'ದಯವಿಟ್ಟು' ಎಷ್ಟು ದಯೆಯದ್ದು ಎಂದು ಬರೆದ ನನಗೂ ಗೊತ್ತಿತ್ತು, ಓದಿದ ಅವರಿಗೂ ಗೊತ್ತಾಗಿರಬೇಕು. ಅವರಿಂದ ಮರಳಿ ಬಂದದ್ದು ಒಂದೇ ಪದ. ಸರಿ.

ಫೆಬ್ರವರಿಯ ಒಂದು ಶನಿವಾರ ನೆವಾರ್ಕಿನಲ್ಲಿ ವಿಮಾನ ಹತ್ತಿದೆ. ಇಳಿದಾಗ ಸೋಮವಾರ ಬೆಳಿಗ್ಗೆ. ನಡುವಿನ ಭಾನುವಾರ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ದಪ್ಪ ಕೋಟು ಕೈಮೇಲೆ ಹಾಕಿಕೊಂಡು ಕಸ್ಟಮ್ಸ್ ತಪಾಸಣೆಯ ಸಾಲಿನಲ್ಲಿ ನಿಂತೆ. ಆ ದೇಶದವರಿಗೆ ಹೊರಗಿನ ತಿಂಡಿ, ಬೀಜ, ಸೊಪ್ಪು ಅಂದರೆ ಬಹಳ ಹೆದರಿಕೆ. ತಿನ್ನುವ ಪದಾರ್ಥ ಏನಾದರೂ ಇದೆಯೇ ಎಂಬ ಪ್ರಶ್ನೆಗೆ ಇದೆ ಎಂದು ಗುರುತು ಹಾಕಿದ್ದೆ, ಯಾಕೆಂದರೆ ಚೀಲದಲ್ಲಿ ಒಂದು ಡಬ್ಬಿ ಚಟ್ನಿಪುಡಿ ಇತ್ತು. ಅಧಿಕಾರಿಣಿ ಮುಚ್ಚಳ ತೆಗೆದು ಮೂಸಿದರು, ಎರಡು ಸಲ ಸೀನಿದರು, ಮುಚ್ಚಳ ಹಾಕಿ ವಾಪಸು ಕೊಟ್ಟರು.

"ನೀವೇ ಹೇಳಿದ್ದೀರಲ್ಲ, ತೊಂದರೆ ಇಲ್ಲ. ಇಲ್ಲಿ ದಂಡ ಬೀಳೋದು ಹೇಳದೆ ಇರೋರಿಗೆ" ಅಂದರು.

ನಾನು ನಕ್ಕು ಹೊರಗೆ ಬಂದೆ. ರಸ್ತೆ ದಾಟುವಾಗ ಎಡಕ್ಕೆ ನೋಡಿ ಕಾಲಿಟ್ಟೆ. ಬಲದಿಂದ ಬಂದ ವ್ಯಾನಿನವನು ಹಾರ್ನ್ ಹೊಡೆದ. ಮೈಸೂರಿನಲ್ಲಿ ಇಪ್ಪತ್ತನಾಲ್ಕು ವರ್ಷ ಎಡಬದಿಯ ಸಂಚಾರವನ್ನೇ ಕಂಡವಳು ನಾನು. ಹದಿನೆಂಟು ವರ್ಷದ ನ್ಯೂಜೆರ್ಸಿ ಅದನ್ನು ಪೂರಾ ಅಳಿಸಿಹಾಕಿತ್ತು. ಆ ಹಾರ್ನನ್ನಾದರೂ ಸ್ವಲ್ಪ ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು.

ಸ್ಟೋರ್‌ಕೀಪರು ಗೋದಾಮಿನ ಗೇಟಿನ ಹತ್ತಿರವೇ ಕಾಯುತ್ತಿದ್ದರು. ಅರವತ್ತರ ಹತ್ತಿರದ ವಯಸ್ಸು, ಮೊಣಕಾಲವರೆಗಿನ ಚಡ್ಡಿ, ಭಾರದ ಬೂಟು, ಅಗಲ ಅಂಚಿನ ಟೋಪಿ. ಇಪ್ಪತ್ತು ವರ್ಷ ಅದೇ ಗೋದಾಮಿನಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಗಾಡಿ ಓಡಿಸಿದವರು. ಈ ಕೋಲ್ಡ್ ರೂಮು ಪಾಸಾದರೆ ಅದರ ಉಸ್ತುವಾರಿ ಅವರದು. ಅದಕ್ಕಾಗಿ ಒಂದು ವರ್ಷ ಸಂಜೆ ತರಗತಿಗಳಿಗೆ ಹೋಗಿ ಪರೀಕ್ಷೆ ಬರೆದಿದ್ದರಂತೆ. ದಿನವೆಲ್ಲ ಸೀಟಿನ ಮೇಲೆ ಕೂತು ಬೆನ್ನು ಹೋಗಿದೆ, ಇದು ಸಿಕ್ಕರೆ ನಡೆದಾಡಿಕೊಂಡು ನಿವೃತ್ತಿಯವರೆಗೆ ದೂಡಬಹುದು ಎಂದು ತಾವಾಗಿಯೇ ಹೇಳಿದರು. ಔಷಧದ ವ್ಯವಹಾರದಲ್ಲಿ ಒಬ್ಬರ ಹೆಸರಿನ ಮುಂದೆ ತಪ್ಪು ದಾಖಲಾದರೆ ಅಂಥ ಜಾಗ ಅವರಿಗೆ ಸಿಗುವುದಿಲ್ಲ. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಕ್ಲಿಪ್ಪುಗಳನ್ನು ಒಂದೊಂದಾಗಿ ಅಳೆದು ನೋಡಿದೆ. ನೆಲದಿಂದ ಎತ್ತರ, ಮೂಲೆಯಿಂದ ದೂರ, ಎಲ್ಲವೂ ಡ್ರಾಯಿಂಗಿನಲ್ಲಿ ಇದ್ದ ಹಾಗೆಯೇ. ಒಂದು ಸೆಂಟಿಮೀಟರ್ ಹೆಚ್ಚುಕಮ್ಮಿ ಇಲ್ಲ. ನಾನು ಲಾಗರುಗಳ ನಂಬರು ಓದಿ ಬರೆದುಕೊಳ್ಳುತ್ತಿದ್ದಾಗ ಅವರು ಆಚೆ ಬದಿಗೆ ತಿರುಗಿ, "ಮಧ್ಯಾಹ್ನ ಆದಮೇಲೆ ಈ ಕಡೆ…" ಎಂದು ಶುರು ಮಾಡಿದರು. ನಾನು ಒಂದು ಬೆರಳು ಎತ್ತಿ ಒಂದು ನಿಮಿಷ ಅಂದೆ. ನಂಬರು ತಪ್ಪಿದರೆ ಮೊದಲಿನಿಂದ ಬರೆಯಬೇಕು. ಆ ಒಂದು ನಿಮಿಷ ಮುಗಿದ ಮೇಲೆ ಏನು ಹೇಳುತ್ತಿದ್ದಿರಿ ಎಂದು ಕೇಳಲು ಮರೆತೆ. ಅವರೂ ಮತ್ತೆ ಹೇಳಲಿಲ್ಲ. ಸಂಜೆ ನಾಲ್ಕಕ್ಕೆ ದಾಖಲೆ ಶುರುವಾಯಿತು.

ಮಂಗಳವಾರ ಬಾಗಿಲ ಪರೀಕ್ಷೆ. ಬಾಗಿಲನ್ನು ಮೂರು ನಿಮಿಷ ತೆರೆದಿಟ್ಟು, ಮುಚ್ಚಿದ ಮೇಲೆ ಕೋಣೆ ಎಷ್ಟು ಹೊತ್ತಿಗೆ ಮೊದಲಿನ ಸ್ಥಿತಿಗೆ ಬರುತ್ತದೆ ಎಂದು ನೋಡುವುದು. ಅದಾದ ಮೇಲೆ ಕರೆಂಟು ತೆಗೆದು ನೋಡುವುದು. ಎರಡರಲ್ಲೂ ಕೋಣೆ ಚೆನ್ನಾಗಿ ನಡೆದುಕೊಂಡಿತು. ಹತ್ತು ಗಂಟೆಗೆ ಎಲ್ಲರೂ ಕೆಲಸ ನಿಲ್ಲಿಸಿ ಚಹಾಕ್ಕೆ ಕೂರುತ್ತಾರೆ, ಮ್ಯಾನೇಜರೂ ಲಾರಿ ಡ್ರೈವರೂ ಒಂದೇ ಬೆಂಚಿನಲ್ಲಿ. ಪ್ರಿನ್ಸ್‌ಟನ್ನಿನಲ್ಲಿ ನಾವು ಕಂಪ್ಯೂಟರಿನ ಮುಂದೆಯೇ ತಿಂದು ಅಲ್ಲೇ ಬಾಯಿ ಒರೆಸಿಕೊಳ್ಳುವವರು. ನನಗೆ ಆ ಇಪ್ಪತ್ತು ನಿಮಿಷ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಚಟ್ನಿಪುಡಿ ಡಬ್ಬಿ ತೆಗೆದೆ. ಸ್ಟೋರ್‌ಕೀಪರು ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಒಂದು ಚಮಚ ಉದುರಿಸಿಕೊಂಡು ತಿಂದು, ಕಣ್ಣು ಒರೆಸಿಕೊಂಡು, ಇನ್ನೊಂದು ಚಮಚ ಹಾಕಿಕೊಂಡರು.

ಬುಧವಾರ ಸಂಜೆ ನಾಲ್ಕಕ್ಕೆ ಲಾಗರುಗಳನ್ನು ಕಂಪ್ಯೂಟರಿಗೆ ಸೇರಿಸಿದೆ. ಹದಿನೈದೂ ಪಾಸು. ಉತ್ತರದ ಮೇಲ್ಮೂಲೆಗಳಲ್ಲಿ ಮಧ್ಯಾಹ್ನದ ಹೊತ್ತು ರೇಖೆ ಸ್ವಲ್ಪ ಉಬ್ಬಿ ಏಳು ದಾಟಿತ್ತು. ಬಾಗಿಲು ತೆಗೆದದ್ದರಿಂದ ಇರಬೇಕು ಎಂದುಕೊಂಡೆ. ದಕ್ಷಿಣದ ಮೂರು ಲಾಗರುಗಳ ರೇಖೆ ಎರಡೂ ದಿನ ಅಲ್ಲಾಡದೆ ಮಲಗಿತ್ತು. ಹೊರಗೆ ಅಂಥ ಬಿಸಿಲಿದ್ದರೂ ಇದು ಹೀಗಿದೆಯಲ್ಲ, ಎಂಥ ಒಳ್ಳೆಯ ಕೋಣೆ ಕಟ್ಟಿದ್ದಾರೆ ಎಂದು ನಾನು ಸೈಟ್ ಮ್ಯಾನೇಜರಿಗೆ ಹೊಗಳಿ ಹೇಳಿದೆ. ಅವರು ಖುಷಿಯಾದರು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಹಿ, ಶುಕ್ರವಾರ ಔಷಧದ ಲಾರಿ, ಶನಿವಾರ ನಾನು ಊರಿಗೆ ಎಂದು ತೀರ್ಮಾನವಾಯಿತು.

ಗುರುವಾರ ಬೆಳಿಗ್ಗೆ ಏಳಕ್ಕೆ ಮನೆಗೆ ಫೋನು ಮಾಡಿದೆ. ಅಲ್ಲಿ ಬುಧವಾರ ಮಧ್ಯಾಹ್ನ ಮೂರು ಗಂಟೆ. ಯಜಮಾನರು ಬುಧವಾರ ಮನೆಯಿಂದಲೇ ಕೆಲಸ ಮಾಡುತ್ತಾರೆ. ಹೊರಡುವ ಮುಂಚೆ ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿ ಬಂದಿದ್ದೆ. ಮಗಳ ಕ್ಲಾಸು, ಕಸದ ದಿನ, ಹೀಗೆ ಹದಿನಾಲ್ಕು ಸಾಲು. ಅದರಲ್ಲೊಂದು, ಅಡುಗೆಮನೆಯಲ್ಲಿ ಬಿಳಿಚಿಕೊಂಡಿದ್ದ ಕರಿಬೇವಿನ ಕುಂಡವನ್ನು ಹಾಲಿನ ದಕ್ಷಿಣದ ಕಿಟಕಿಗೆ ಸಾಗಿಸಬೇಕು ಎಂದು.

"ಸ್ನೋ ಬಿತ್ತಾ?" ಅಂದೆ.

"ನಾಲ್ಕು ಇಂಚು. ಗ್ಯಾರೇಜ್ ಮುಂದಿನ ಡ್ರೈವ್‌ವೇ ಕ್ಲೀನ್ ಮಾಡಿ ಸೊಂಟ ಹಿಡ್ಕೊಂಡಿದೆ. ಎದುರುಮನೆಯವರ ಡ್ರೈವ್‌ವೇ ನೋಡು, ಆಗ್ಲೇ ಕರಗಿ ಒಣಗಿಹೋಗಿದೆ."

"ಅವರದು ದಕ್ಷಿಣಕ್ಕೆ ಮುಖ ಅಲ್ವೇನ್ರೀ. ಕರಿಬೇವು?"

"ನೀನು ಬರೆದಿದ್ಯಲ್ಲ, ಹಾಗೇ ಕಿಟಕಿ ಹತ್ರ ಇಟ್ಟಿದೀನಿ. ಆದ್ರೆ ಅಲ್ಲಿ ಕೆಳಗಡೆ…"

"ಪರವಾಗಿಲ್ಲ, ಅಲ್ಲೇ ಇರಲಿ. ಬಿಸಿಲು ಮುಖ್ಯ. ವಿಂಟರಲ್ಲಿ ಸೂರ್ಯ ದಿನವೆಲ್ಲ ದಕ್ಷಿಣದಲ್ಲೇ ಇರ್ತಾನೆ."

"ಸರಿ" ಅಂದರು.

ಆ ಮಾತು ಆಡುವಾಗ ನಾನು ಮೋಟೆಲಿನ ಕಿಟಕಿಯಲ್ಲಿ ನಿಂತಿದ್ದೆ. ಮೂರು ದಿನದಿಂದ ಮಧ್ಯಾಹ್ನ ಬಂದಾಗಲೆಲ್ಲ ಆ ಕಿಟಕಿಯ ಪರದೆ ಎಳೆಯುತ್ತಿದ್ದೆ, ಬಿಸಿಲು ಹಾಸಿಗೆವರೆಗೆ ಬರುತ್ತಿತ್ತು. ಕಿಟಕಿಯ ಆಚೆ ಕಾಣುವುದು ಹೆದ್ದಾರಿ. ಹೆದ್ದಾರಿ ಮೋಟೆಲಿನ ಉತ್ತರಕ್ಕಿದೆ ಎಂದು ಟ್ಯಾಕ್ಸಿಯವನ ಮ್ಯಾಪಿನಲ್ಲಿ ನಾನೇ ನೋಡಿದ್ದೆ. ಹಾಗಾದರೆ ಬಿಸಿಲು ಬರುತ್ತಿದ್ದದ್ದು ಉತ್ತರದಿಂದ. ಭೂಮಧ್ಯರೇಖೆಯ ಈ ಕಡೆಗೆ ಬಂದರೆ ಸೂರ್ಯ ಉತ್ತರದಲ್ಲಿ ಇರುತ್ತಾನೆ. ಇದು ಹೈಸ್ಕೂಲಿನ ಮಕ್ಕಳಿಗೆ ಗೊತ್ತಿರುವ ವಿಷಯ. ನನಗೂ ಗೊತ್ತಿತ್ತು, ಪರೀಕ್ಷೆಯಲ್ಲಿ ಕೇಳಿದ್ದರೆ ಸರಿಯಾಗಿಯೇ ಬರೆಯುತ್ತಿದ್ದೆ. ಆದರೆ ಹದಿನೆಂಟು ಚಳಿಗಾಲ ಎದುರುಮನೆಯ ಡ್ರೈವ್‌ವೇ ನೋಡಿ ಹೊಟ್ಟೆ ಉರಿದುಕೊಂಡವಳಿಗೆ ದಕ್ಷಿಣ ಅಂದರೆ ಬಿಸಿಲು, ಅಷ್ಟೇ. ಕೈ ತಾನಾಗಿ ಅಲ್ಲಿಗೆ ಹೋಗಿ ಮೂರು ಚುಕ್ಕೆ ಇಟ್ಟಿತ್ತು.

ಅಂದರೆ ಸುಡುವ ಗೋಡೆಯ ನಡುವೆ ಎಷ್ಟು ಉಷ್ಣಾಂಶ ಇತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ಮಾರನೆಯ ದಿನ ಅಲ್ಲಿಗೇ ಇನ್ಸುಲಿನ್ ಪೆಟ್ಟಿಗೆಗಳು ಬಂದು ಕೂರುವುದಿತ್ತು.

ಎಂಟೂವರೆಗೆ ಗೋದಾಮಿಗೆ ಹೋದೆ. ಸ್ಟೋರ್‌ಕೀಪರನ್ನು ಕರೆದು, ಉತ್ತರದ ಗೋಡೆಯ ನಡುವೆ ಮೂರು ಕ್ಲಿಪ್ಪು ಬೇಕು, ಈಗಲೇ, ಅಂದೆ. ಅವರು ಏನೂ ಕೇಳದೆ ಜೇಬಿನಿಂದ ಮೂರು ಕ್ಲಿಪ್ಪು ತೆಗೆದರು. ಜನವರಿಯಿಂದ ಅವು ಅವರ ಜೇಬಿನಲ್ಲೇ ಇದ್ದವೋ ಏನೋ, ನಾನು ಕೇಳುವ ಧೈರ್ಯ ಮಾಡಲಿಲ್ಲ.

"ನನ್ನ ಡ್ರಾಯಿಂಗೇ ತಪ್ಪು. ಬಿಸಿಲು ಈ ಕಡೆ ಬೀಳುತ್ತೆ" ಅಂದೆ.

"ಬೀಳುತ್ತೆ" ಅಂದರು ಅವರು.

ಹನ್ನೊಂದರ ಸಹಿಯನ್ನು ಸಂಜೆಗೆ ಮುಂದೂಡಿದೆ, ಇನ್ನೊಂದು ಸಣ್ಣ ಪರೀಕ್ಷೆ ಉಳಿದಿದೆ ಎಂಬ ನೆಪ ಹೇಳಿ. ಎರಡು ಗಂಟೆಗೆ ನಾವಿಬ್ಬರೂ ಗೋದಾಮಿನ ಹೊರಗೆ ಸುತ್ತಿ ಹೋಗಿ ಆ ತಗಡಿನ ಗೋಡೆಗೆ ಅಂಗೈ ಇಟ್ಟೆವು. ನಾನು ಮೂರು ಎಣಿಸುವಷ್ಟರಲ್ಲಿ ಕೈ ತೆಗೆದೆ. ದೋಸೆ ಹಂಚಿನ ಹಾಗಿತ್ತು. ದಕ್ಷಿಣದ ಗೋಡೆಗೆ ಹೋಗಿ ಇಟ್ಟೆವು. ನೆರಳು, ತಣ್ಣಗೆ, ಅಲ್ಲೊಂದು ಬೆಕ್ಕು ಮಲಗಿತ್ತು. ಈ ಪರೀಕ್ಷೆಗೆ ಲಾಗರು ಬೇಕಿರಲಿಲ್ಲ, ಹದಿನಾರು ಸಾವಿರ ಕಿಲೋಮೀಟರಿನ ವಿಮಾನ ಪ್ರಯಾಣವೂ ಬೇಕಿರಲಿಲ್ಲ. ಅಲ್ಲೇ ಇರುವವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಸಾಲದ್ದಕ್ಕೆ ಅವರೇ ಮುಂದಾಗಿ ಹೇಳಲು ಬಂದಿದ್ದರು.

ಐದು ಗಂಟೆಗೆ ಲಾಗರು ಬಿಚ್ಚಿದೆವು. ಉತ್ತರದ ಗೋಡೆಯ ನಡುವಿನಲ್ಲಿ, ಮೇಲಿನ ಶೆಲ್ಫಿನ ಎತ್ತರದಲ್ಲಿ, ಮಧ್ಯಾಹ್ನ ಒಂದು ಗಂಟೆಗೇ ಉಷ್ಣಾಂಶ ಎಂಟು ಡಿಗ್ರಿ ಮೀರಿ, ಮೂರೂವರೆಗೆ ಒಂಬತ್ತೂ ಕಾಲು ಮುಟ್ಟಿತ್ತು. ದಿನಾ ಮಧ್ಯಾಹ್ನ ಹೀಗೆ ನಾಲ್ಕು ಗಂಟೆ ಕಾಲ ಬೆಚ್ಚಗಾಗುವ ಇನ್ಸುಲಿನ್ ಹೊರಗಿನಿಂದ ನೋಡಿದರೆ ಸ್ವಲ್ಪವೂ ಬದಲಾಗಿರುವುದಿಲ್ಲ. ಯಾರೋ ಎಲ್ಲೋ ಅದನ್ನು ಚುಚ್ಚಿಕೊಳ್ಳುತ್ತಾರೆ, ಸಕ್ಕರೆ ಇಳಿಯುವುದಿಲ್ಲ, ಯಾಕೆಂದು ಯಾರಿಗೂ ಗೊತ್ತಾಗುವುದಿಲ್ಲ.

ಕೋಣೆ ಫೇಲು ಎಂದು ಹೇಳುವುದು ಕಷ್ಟವಾಗಲಿಲ್ಲ. ಅಂಕಿ ಕಣ್ಣೆದುರೇ ಇತ್ತು. ಸೈಟ್ ಮ್ಯಾನೇಜರು ಮುಖ ಸಣ್ಣದು ಮಾಡಿಕೊಂಡರೂ ಕೂಗಾಡಲಿಲ್ಲ. ಫೋನೆತ್ತಿ ಮಾರನೆಯ ದಿನದ ಲಾರಿಯನ್ನು ಬೇರೆ ಗೋದಾಮಿಗೆ ತಿರುಗಿಸಿದರು. ಆಮೇಲೆ, ಮೊದಲ ಪರೀಕ್ಷೆಯಲ್ಲಿ ಇದು ಯಾಕೆ ಸಿಗಲಿಲ್ಲ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಕಾರಣವನ್ನೂ ಹೇಳಿಬಿಟ್ಟರು. ಬಾಗಿಲಲ್ಲಿ ನಿಂತಿದ್ದ ಸ್ಟೋರ್‌ಕೀಪರ ಕಡೆ ಹೆಬ್ಬೆರಳು ತೋರಿಸಿ, "ಡ್ರಾಯಿಂಗನ್ನ ತಲೆಕೆಳಗೆ ಹಿಡಿದಿರಬೇಕು ಇವರು. ಮೂರು ಕ್ಲಿಪ್ಪು ಎದುರು ಗೋಡೆಗೆ ಹೋಗಿವೆ. ಆಯ್ತು ಬಿಡಿ, ಆಗುತ್ತೆ" ಅಂದರು. ಅವರು ಅದನ್ನು ಸಿಟ್ಟಿನಿಂದ ಹೇಳಲಿಲ್ಲ, ಹಗುರ ಮಾಡಲಿಕ್ಕೇ ಹೇಳಿದರು.

ಡ್ರಾಯಿಂಗ್ ಸರಿಯಾಗಿಯೇ ಹಿಡಿದಿದ್ದರು, ಬರೆದದ್ದೇ ತಪ್ಪು. ಇದನ್ನು ಹೇಳಲು ಐದು ಸೆಕೆಂಡು ಸಾಕು. ಬೆಳಿಗ್ಗೆ ಸ್ಟೋರ್‌ಕೀಪರಿಗೆ ಹೇಳಿಯೂ ಇದ್ದೆ. ಆದರೆ ಮ್ಯಾನೇಜರ ಮುಂದೆ ನನ್ನ ಬಾಯಿಂದ ಬಂದದ್ದು, "ಎಲ್ಲ ನೋಡಿ ರಿಪೋರ್ಟಿನಲ್ಲಿ ಬರೀತೀನಿ" ಎಂಬ ಮಾತು. ಸ್ಟೋರ್‌ಕೀಪರು ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಕೀಲಿ ಗೊಂಚಲನ್ನು ಮೊಳೆಗೆ ತಗುಲಿಸಿ ಮನೆಗೆ ಹೋದರು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಆಶ್ಚರ್ಯ ಇಲ್ಲದ್ದೇ ನನಗೆ ಹೆಚ್ಚು ನಾಚಿಕೆ ತಂದಿತು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಪ್ರಿನ್ಸ್‌ಟನ್ನಿನಿಂದ ನಮ್ಮ ಬಾಸ್ ಫೋನು ಮಾಡಿದರು. ಧಾರವಾಡದವರು, ನನಗಿಂತ ಹತ್ತು ವರ್ಷ ದೊಡ್ಡವರು. ಆಫೀಸಿನಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದು ಕರೆಯುತ್ತಾರೆ, ಕನ್ನಡದಲ್ಲಿ ಮಾತಾಡುವಾಗ ಮಾತ್ರ ನನ್ನ ಬಾಯಲ್ಲಿ ಸರ್ ಬರುತ್ತದೆ.

"ಸೈಟಿನವ್ರು ಮೇಲ್ ಹಾಕ್ಯಾರ ನೋಡವಾ, ಇನ್‌ಸ್ಟಾಲೇಶನ್ ಎರರ್ ಅಂತ. ಅವ್ರ ಮಂದೀದ ತಪ್ಪು ಅಂತ ಅವ್ರೇ ಒಪ್ಕೊಂಡಾರ."

"ಅದು ಅವರ ತಪ್ಪಲ್ಲ ಸರ್. ನನ್ನ ಡ್ರಾಯಿಂಗಲ್ಲೇ ಸೌತ್ ಅಂತ ಇದೆ. ನೀವೂ ಸೈನ್ ಮಾಡಿದೀರಿ."

ಆ ಕಡೆ ಕೀಬೋರ್ಡಿನ ಸದ್ದು ಕೇಳಿತು. ಡ್ರಾಯಿಂಗ್ ತೆಗೆದು ನೋಡುತ್ತಿದ್ದಾರೆ ಎಂದು ಗೊತ್ತಾಯಿತು.

"ಅಯ್ಯ, ಹೌದಲ್ಲ" ಅಂದರು. ಆಮೇಲೆ ದನಿ ತಗ್ಗಿಸಿ, "ನೋಡು, ಈ ಬ್ಯಾಸಿಗಿಗೆ ಲೀಡ್ ಪೊಸಿಶನ್‌ಗೆ ನಿನ್ನ ಹೆಸರ ಕೊಟ್ಟೀನಿ. ಪ್ರೋಟೋಕಾಲ್ ಎರರ್ ಅಂತ ಬಂತಂದ್ರ ನಿನ್ನ ಆಥರ್ ರೈಟ್ಸ್ ತಗೀತಾರ, ಒಂದು ವರ್ಷ. ನಾ ತಡೀಲಿಕ್ಕೆ ಆಗೂದಿಲ್ಲ. ಔಷಧ ಅಂತೂ ಹಾಳಾಗ್ಲಿಲ್ಲ, ನೀನೇ ಹಿಡದಿ. ಅವ್ರು ಬರದಾರ, ನೀ ಸುಮ್ನ ಇದ್ರ ಸಾಕು. ವಿಚಾರ ಮಾಡು."

ಅವರು ಕೆಟ್ಟ ಮನುಷ್ಯರಲ್ಲ. ನನ್ನ ಒಳ್ಳೆಯದಕ್ಕೇ ಹೇಳಿದರು. ಸುಳ್ಳು ಬರಿ ಅಂತಲೂ ಹೇಳಲಿಲ್ಲ, ಸುಮ್ಮನಿರು ಅಂದರು. ಸುಮ್ಮನಿರುವುದು ಎಷ್ಟು ಸುಲಭ ಎಂದು ನಾನು ಹಿಂದಿನ ಸಂಜೆಯೇ ಕಂಡಿದ್ದೆ. ಲೀಡ್ ಹುದ್ದೆ, ಅಂದರೆ ತಂಡದ ಮುಖ್ಯಸ್ಥೆಯ ಜಾಗ, ನನಗೆ ಬೇಕಿತ್ತು, ಬಹಳ ಬೇಕಿತ್ತು. ಬರೆದ ಯೋಜನೆಗೆ ನಾನೇ ಸಹಿ ಹಾಕುವ ಹಕ್ಕು, ಆ ಆಥರ್ ರೈಟ್ಸೂ ಬೇಕಿತ್ತು. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹತ್ತಿದ ಮೇಲೆ ತಪ್ಪು ಮಾಡುವುದಿಲ್ಲ ಎನ್ನುವುದನ್ನೇ ಒಂದು ಯೋಗ್ಯತೆಯ ಹಾಗೆ ಹೊತ್ತುಕೊಂಡು ಬಂದವಳು.

ಲ್ಯಾಪ್‌ಟಾಪ್ ತೆರೆದು ಜನವರಿಯ ಮೇಲ್ ಹುಡುಕಿದೆ. ನಾನು ಬರೆದದ್ದನ್ನು ಅವರ ಜಾಗದಲ್ಲಿ ನಿಂತು ಓದಿದೆ. ಅದಕ್ಕೆ ಸರಿ ಅಂತಲ್ಲದೆ ಇನ್ನೇನು ಬರೆಯಲು ಸಾಧ್ಯ? ಅದೊಂದು ಪದ ನೋಡುತ್ತ ಕೂತಾಗ ನಿರ್ಧಾರ ಆಗಿಹೋಯಿತು. ಧೈರ್ಯವೇನೂ ಅಲ್ಲ. ಆ ಮನುಷ್ಯ ಹತ್ತು ಗಂಟೆಗೆ ನನ್ನ ಪಕ್ಕ ಚಹಾಕ್ಕೆ ಕೂರುತ್ತಾರೆ, ನಾನು ಅವರ ಪಕ್ಕ ಕೂರಲು ಬರುವ ಹಾಗಿರಬೇಕು, ಅಷ್ಟೇ.

ತಪ್ಪು ವರದಿ ಮಾಡುವ ಫಾರಮ್ಮಿನಲ್ಲಿ ಕಾರಣ ಎಂಬ ಕಡೆ ಮೂರು ಚೌಕಗಳಿರುತ್ತವೆ: ಉಪಕರಣ, ಅಳವಡಿಕೆ, ಯೋಜನೆ. ಯೋಜನೆಗೆ ಗುರುತು ಹಾಕಿದೆ. ಬರೆದವರು ಎಂಬ ಕಡೆ ನನ್ನ ಹೆಸರು. ವಿವರಣೆಯಲ್ಲಿ, ಉತ್ತರಾರ್ಧಗೋಳದ ಅಭ್ಯಾಸದಂತೆ ದಕ್ಷಿಣದ ಗೋಡೆಯನ್ನು ಬಿಸಿಲಿನ ಗೋಡೆ ಎಂದು ಭಾವಿಸಲಾಯಿತು ಎಂದು ಬರೆದು, 'ಭಾವಿಸಲಾಯಿತು' ಹೊಡೆದುಹಾಕಿ 'ಭಾವಿಸಿದೆ' ಎಂದು ತಿದ್ದಿದೆ. ಕ್ಲಿಪ್ಪುಗಳು ಡ್ರಾಯಿಂಗಿನಂತೆಯೇ ಇದ್ದವು. ಜನವರಿಯಲ್ಲಿ ಸ್ಟೋರ್‌ಕೀಪರು ಈ ಬಗ್ಗೆ ಪ್ರಶ್ನೆ ಕೇಳಿದ್ದರು, ನಾನು ಅದನ್ನು ತಳ್ಳಿಹಾಕಿದೆ ಎಂದು ಸೇರಿಸಿ, ಎರಡೂ ಮೇಲ್‌ಗಳನ್ನು ಲಗತ್ತಿಸಿದೆ.

ಹತ್ತು ಗಂಟೆಯ ಚಹಾ ಬೆಂಚಿನಲ್ಲಿ, ಸ್ಟೋರ್‌ಕೀಪರು ಕೂತಿರುವಾಗಲೇ, ಸೈಟ್ ಮ್ಯಾನೇಜರಿಗೆ ಓದಿ ಹೇಳಿದೆ. ಕೇಳಿಸಿಕೊಂಡು ಅವರು ಕಪ್ಪು ಕೆಳಗಿಟ್ಟರು.

"ನಾನೂ ಸಹಿ ಹಾಕಿದ್ದೆ ಇದಕ್ಕೆ. ಹುಟ್ಟಿದಾಗಿನಿಂದ ಈ ಊರಲ್ಲೇ ಇದೀನಿ" ಅಂದರು. ಆಮೇಲೆ ಸ್ಟೋರ್‌ಕೀಪರ ಕಡೆ ತಿರುಗಿ, "ಕ್ಷಮಿಸಿ" ಅಂದರು.

"ಚಹಾ ತಣ್ಣಗಾಗ್ತಿದೆ" ಅಂದರು ಸ್ಟೋರ್‌ಕೀಪರು.

ಮಧ್ಯಾಹ್ನ ಲಾಗರುಗಳನ್ನು ಅವರಿಗೆ ಒಪ್ಪಿಸುವಾಗ ನಾನು ಕೇಳಿದೆ, ಜನವರಿಯಲ್ಲಿ ಇನ್ನೊಂದು ಸಲ ಯಾಕೆ ಕೇಳಲಿಲ್ಲ ಎಂದು. ಅವರು ಲಾಗರುಗಳನ್ನು ನಂಬರಿನ ಪ್ರಕಾರ ಪೆಟ್ಟಿಗೆಯಲ್ಲಿ ಜೋಡಿಸುತ್ತಲೇ ಇದ್ದರು.

"ನೀವು ಎಕ್ಸ್‌ಪರ್ಟು. ಒಂದು ಸಲ ಕೇಳಿದೆ. ಎರಡನೇ ಸಲ ಕೇಳಬಹುದು ಅನ್ನೋ ಹಾಗೆ ನೀವು ಬರೆದಿರಲಿಲ್ಲ."

ಉಳಿದ ಚಟ್ನಿಪುಡಿಯನ್ನು ಡಬ್ಬಿ ಸಮೇತ ಅವರಿಗೇ ಕೊಟ್ಟು ಬಂದೆ.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಹೊರಗೋಡೆಗೆ ನೆರಳಿನ ಚಪ್ಪರ ಹಾಕಿಸಿದರು, ಶೆಲ್ಫುಗಳನ್ನು ಗೋಡೆಯಿಂದ ಒಂದಡಿ ಈಚೆಗೆ ಸರಿಸಿದರು. ಎರಡನೆಯ ಪರೀಕ್ಷೆಯನ್ನು ಸ್ಟೋರ್‌ಕೀಪರೇ ಮಾಡಿದರು, ನಾನು ಇಲ್ಲಿಂದ ಅಂಕಿ ನೋಡಿದೆ. ಕೋಣೆ ಪಾಸಾಯಿತು, ಅದರ ಕೀಲಿ ಈಗ ಅವರ ಹತ್ತಿರ ಇದೆ. ನನ್ನ ಆಥರ್ ರೈಟ್ಸ್ ಹೋಯಿತು. ಈಗ ನಾನು ಬರೆದ ಯೋಜನೆಯನ್ನು ನನಗಿಂತ ಎಂಟು ವರ್ಷ ಚಿಕ್ಕವಳೊಬ್ಬಳು ಓದಿ ಸಹಿ ಮಾಡುತ್ತಾಳೆ, ಮತ್ತು ನಿಜವಾಗಿಯೂ ಓದುತ್ತಾಳೆ. ಲೀಡ್ ಹುದ್ದೆ ಬೇರೆಯವರಿಗೆ ಹೋಯಿತು. ಒಂದು ವಾರ ಅಳು ಬರುವ ಹಾಗಿತ್ತು, ಆಮೇಲೆ ಕಡಿಮೆಯಾಯಿತು.

ಆದರೆ ನಾನು ಹೇಳಬೇಕಾದದ್ದು ಮನೆಗೆ ಬಂದ ಮಾರನೆಯ ಬೆಳಿಗ್ಗೆಯ ವಿಷಯ. ಭಾನುವಾರ. ಹೊರಗೆ ಹಿಮ, ಒಳಗೆ ಒಳ್ಳೆಯ ಬಿಸಿಲು. ಕಾಫಿ ಹಿಡಿದುಕೊಂಡು ಹಾಲಿಗೆ ಬಂದವಳು ನಿಂತುಬಿಟ್ಟೆ. ದಕ್ಷಿಣದ ಕಿಟಕಿಯ ಹತ್ತಿರ ಕರಿಬೇವಿನ ಕುಂಡ ಇತ್ತು. ಎಲೆಯೆಲ್ಲ ಉದುರಿ ಬರೀ ಕಡ್ಡಿ ನಿಂತಿತ್ತು. ಕುಂಡದ ಅಡಿಯಲ್ಲಿ, ಕಿಟಕಿಯ ಕೆಳಗೆ ನೆಲದಲ್ಲೇ, ಹೀಟರಿನ ಬಿಸಿಗಾಳಿ ಬರುವ ಜಾಲರಿ. ಒಂದು ವಾರ ಹಗಲೂ ರಾತ್ರಿ ಆ ಗಾಳಿ ಗಿಡವನ್ನು ಬೇಯಿಸಿತ್ತು. ಶಾಖ ಎಲ್ಲಿಂದ ಬರುತ್ತದೆ ಎಂದು ಹುಡುಕುವುದೇ ನನ್ನ ಹೊಟ್ಟೆಪಾಡು. ಆ ಜಾಲರಿಯ ಮೇಲೆ ದಿನಾ ಓಡಾಡುತ್ತೇನೆ.

"ಏನ್ರೀ ಇದು" ಅಂದೆ.

ಯಜಮಾನರು ಪೇಪರಿನಿಂದ ತಲೆಯೆತ್ತಲಿಲ್ಲ. ಉತ್ತರ ಕೊಟ್ಟವಳು ಸೋಫಾದಲ್ಲಿ ಕಾಲು ಚಾಚಿದ್ದ ಹದಿಮೂರು ವರ್ಷದ ಮಗಳು. "ಅಪ್ಪ ನ್ಯೂ ಇಟ್ ವುಡ್ ಡೈ, ಅಮ್ಮಾ. ಹಿ ಟೋಲ್ಡ್ ಮಿ. ಹಿ ಜಸ್ಟ್ ಡಿಡಂಟ್ ಟೆಲ್ ಯೂ."

"ಗೊತ್ತಿದ್ರೆ ಯಾಕೆ ಇಟ್ರಿ?"

"ನೀನು ಲಿಸ್ಟಲ್ಲಿ ಬರೆದಿದ್ದೆ. ನಾನು ಫೋನಲ್ಲಿ ಹೇಳೋಕೆ ಶುರು ಮಾಡ್ದೆ, ನೀನು ಬಿಸಿಲು ಮುಖ್ಯ ಅಂದೆ. ನಿಂಗೆ ಗೊತ್ತಿರುತ್ತೆ ಅಂತ, ನಾನು ಸರಿ ಅಂದೆ."

ನಾನು ಕುಂಡವನ್ನು ಎತ್ತಿ ಜಾಲರಿಯಿಂದ ದೂರ ಇಟ್ಟೆ. ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡಿದೆ, ಒಳಗೆ ಇನ್ನೂ ಹಸಿರಿತ್ತು. ಬಂದು ಅವರ ಎದುರಿನ ಕುರ್ಚಿಯಲ್ಲಿ ಕೂತೆ.

"ರೀ, ನಾನು ಹೇಳ್ದೆ ಅಂತ ನೀವು ಸುಮ್ನೆ ಸರಿ ಅಂದಿದ್ದು ಇನ್ನೇನಿದೆ?"

ಅವರು ಮಗಳ ಮುಖ ನೋಡಿದರು. ಅವಳು ಅವರ ಮುಖ ನೋಡಿದಳು. ಅವರು ಪೇಪರು ಮಡಿಸಿ ಪಕ್ಕಕ್ಕಿಟ್ಟು, ನನ್ನ ಕೈಯಲ್ಲಿದ್ದ ಲೋಟ ಇಣುಕಿ ನೋಡಿದರು.

"ಎಲ್ಲಾ ಹೇಳ್ಬೇಕಂದ್ರೆ ಇಷ್ಟು ಸಾಲಲ್ಲ. ಇರು, ಇನ್ನೊಂದು ಸಲ ಕಾಫಿ ಮಾಡ್ಕೊಂಡ್ ಬರ್ತೀನಿ" ಅಂತ ಎದ್ದರು.